ಒಂದೇ ಬೋರ್ಡು, ಎರಡು ರೇಡಾರ್: ಎಫ್‌ಪಿಜಿಎ, ಡಿಎಸ್‌ಪಿ, ಜಿಪಿಯು – ಯಾವುದಕ್ಕೆ ಯಾವ ಕೆಲಸ?

ಪಲ್ಸ್‌ಪ್ರಿಯ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ನಾವು ಐದಾರು ಜನ ಸೇರಿ ಒಂದು ಪ್ರಯೋಗದ ರೇಡಾರ್ ಕಟ್ಟುತ್ತಿದ್ದೇವೆ. ಎಕ್ಸ್ ಬ್ಯಾಂಡ್, 9.4 ಗಿಗಾಹರ್ಟ್ಸ್ ಆಸುಪಾಸು. ನಾಲ್ಕು ರಿಸೀವ್ ಚಾನೆಲ್. ಪ್ರಸಾರಕ್ಕೆ ಬೇಕಾದ ಡಬ್ಲ್ಯುಪಿಸಿ (ಕೇಂದ್ರ ಸರ್ಕಾರದ ರೇಡಿಯೋ ತರಂಗಾಂತರ ವಿಭಾಗ) ಲೈಸೆನ್ಸಿನ ಕೆಲಸ ಬೇರೆ ನಡೆದಿದೆ, ಅದನ್ನು ಇಲ್ಲಿ ಬಿಡೋಣ. ನನ್ನ ಪ್ರಶ್ನೆ ಸಿಗ್ನಲ್ ಪ್ರೊಸೆಸಿಂಗ್ ಹಾರ್ಡ್‌ವೇರ್ ಬಗ್ಗೆ.

ಒಂದೇ ಪೆಟ್ಟಿಗೆ ಎರಡು ರೀತಿ ಕೆಲಸ ಮಾಡಬೇಕು.

ದೂರದ ಮೋಡ್: ಬ್ಯಾಂಡ್‌ವಿಡ್ತ್ 5 ಮೆಗಾಹರ್ಟ್ಸ್, ಪಲ್ಸ್ ಉದ್ದ 50 ಮೈಕ್ರೋಸೆಕೆಂಡ್, 1 ಮಿಲಿಸೆಕೆಂಡಿಗೆ ಒಂದು ಪಲ್ಸ್. ಅಂದರೆ 150 ಕಿಲೋಮೀಟರ್‌ವರೆಗೆ ಗೊಂದಲವಿಲ್ಲದ ದೂರ, 30 ಮೀಟರ್ ವಿವರ (ಅಷ್ಟು ಅಂತರದ ಎರಡು ವಸ್ತುಗಳು ಬೇರೆ ಬೇರೆಯಾಗಿ ಕಾಣುತ್ತವೆ).

ಹತ್ತಿರದ ಮೋಡ್: ಡ್ರೋನಿನಂಥ ಸಣ್ಣ ವಸ್ತುಗಳಿಗೆ. ಬ್ಯಾಂಡ್‌ವಿಡ್ತ್ 100 ಮೆಗಾಹರ್ಟ್ಸ್, ಪಲ್ಸ್ 2 ಮೈಕ್ರೋಸೆಕೆಂಡ್, 100 ಮೈಕ್ರೋಸೆಕೆಂಡಿಗೆ ಒಂದು ಪಲ್ಸ್. ವಿವರ 1.5 ಮೀಟರ್. 300 ಮೀಟರಿನಿಂದ 3.3 ಕಿಲೋಮೀಟರ್‌ವರೆಗೆ ನೋಡಿದರೆ ಸಾಕು. 256 ಪಲ್ಸ್ ಸೇರಿಸಿ ಡಾಪ್ಲರ್ (ವಸ್ತುವಿನ ವೇಗದಿಂದ ಪ್ರತಿಧ್ವನಿಯ ಆವರ್ತನದಲ್ಲಾಗುವ ಬದಲಾವಣೆ) ತೆಗೆಯುತ್ತೇವೆ.

ಎರಡರ ನಡುವೆ ಬೇಕೆಂದಾಗ ಬದಲಾಗಬೇಕು. ದೂರದ ನೋಟ ಒಂದು ಸುತ್ತು, ಅನುಮಾನ ಬಂದ ಕಡೆ ಹತ್ತಿರದ ನೋಟ, ಮತ್ತೆ ದೂರದ್ದು. ಸೆಕೆಂಡಿಗೆ ಹಲವು ಬಾರಿ.

ತಂಡದಲ್ಲಿ ಮೂರು ಅಭಿಪ್ರಾಯ ಇದೆ. ಒಬ್ಬರು ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ತುಂಬುವ ಚಿಪ್) ಇರಲಿ, ಮೋಡ್ ಬದಲಾದಾಗ ಪಾರ್ಷಿಯಲ್ ರೀಕಾನ್ಫಿಗರೇಶನ್ (ಅದರ ಒಂದು ಭಾಗವನ್ನು ಮಾತ್ರ ಹೊಸದಾಗಿ ತುಂಬುವುದು) ಮಾಡೋಣ ಅಂತಾರೆ. ಇನ್ನೊಬ್ಬರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ (ಟಿಐ) ಕಂಪನಿಯ ಸಿ6678 ಥರದ ಎಂಟು ಕೋರಿನ ಡಿಎಸ್‌ಪಿ (ಸಿಗ್ನಲ್ ಲೆಕ್ಕಕ್ಕೆಂದೇ ಮಾಡಿದ ಪ್ರೊಸೆಸರ್) ಸಾಕು ಅಂತಾರೆ. ಮೂರನೆಯವರು ಜಿಪಿಯು (ಗ್ರಾಫಿಕ್ಸ್ ಪ್ರೊಸೆಸರ್) ಪಕ್ಷ. ನಾನು ಎಫ್‌ಪಿಜಿಎ ಕಡೆ ವಾಲಿದ್ದೇನೆ. ಅನುಭವ ಇರುವವರು ದಯವಿಟ್ಟು ಹೇಳಿ.

ನಿರ್ವಾಹಕ

ಒಳ್ಳೆಯ ಪ್ರಶ್ನೆ. ಒಂದೇ ಮನವಿ: ಈ ಗುಂಪಿನಲ್ಲಿ ರಕ್ಷಣಾ ಸಂಸ್ಥೆಗಳಲ್ಲಿ ಕೆಲಸ ಮಾಡಿದವರು, ಮಾಡುತ್ತಿರುವವರು ತುಂಬಾ ಜನ ಇದ್ದೀರಿ. ಎಲ್‌ಆರ್‌ಡಿಇ (ಡಿಆರ್‌ಡಿಒದ ರೇಡಾರ್ ಪ್ರಯೋಗಾಲಯ), ಬಿಇಎಲ್ ಎರಡೂ ನಮ್ಮ ಊರಲ್ಲೇ ಇವೆ. ಪುಸ್ತಕ, ಡೇಟಾಶೀಟುಗಳಲ್ಲಿ ಎಲ್ಲರಿಗೂ ಸಿಗುವ ವಿಷಯ ಮಾತ್ರ ಬರೆಯಿರಿ. ಕೆಲಸದ ಜಾಗದ ವಿವರ ಬೇಡ.

ಗೇಟುಗಾತಿ

ಚಿಪ್ ಹೆಸರು ಹಿಡಿದು ವಾದ ಮಾಡುವ ಮೊದಲು ಲೆಕ್ಕ ಹಾಕೋಣ. ಹತ್ತಿರದ ಮೋಡ್ ಭಾರದ್ದು, ಅದನ್ನೇ ತೆಗೆದುಕೊಳ್ಳಿ.

100 ಮೆಗಾಹರ್ಟ್ಸ್ ಬ್ಯಾಂಡಿಗೆ ಕಾಂಪ್ಲೆಕ್ಸ್ ಸ್ಯಾಂಪಲಿಂಗ್ ಸೆಕೆಂಡಿಗೆ 125 ಮಿಲಿಯನ್ ಇಟ್ಟುಕೊಳ್ಳಿ. ಒಂದು ಸ್ಯಾಂಪಲ್‌ಗೆ 16 ಬಿಟ್ ಐ, 16 ಬಿಟ್ ಕ್ಯೂ (ಸಿಗ್ನಲಿನ ಎರಡು ಅಂಶಗಳು), ಒಟ್ಟು 4 ಬೈಟ್. ನಾಲ್ಕು ಚಾನೆಲ್‌ಗೆ ಸೆಕೆಂಡಿಗೆ 2 ಗಿಗಾಬೈಟ್. ಆದರೆ ನಿಮಗೆ ಬೇಕಿರುವುದು 3 ಕಿಲೋಮೀಟರಿನ ಕಿಟಕಿ ಮಾತ್ರ, ಅಂದರೆ 100ರಲ್ಲಿ 20 ಮೈಕ್ರೋಸೆಕೆಂಡ್. ಪಲ್ಸಿನ ಬಾಲವನ್ನೂ ಸೇರಿಸಿ 22 ಮೈಕ್ರೋಸೆಕೆಂಡ್ ಹಿಡಿದರೆ ಒಂದು ಪಲ್ಸಿಗೆ 2750 ಸ್ಯಾಂಪಲ್. ಪಲ್ಸ್ ಕಂಪ್ರೆಶನ್ (ಉದ್ದದ ಪಲ್ಸಿನ ಪ್ರತಿಧ್ವನಿಯನ್ನು ಲೆಕ್ಕದಿಂದ ಚಿಕ್ಕದಾಗಿ ಒತ್ತುವುದು) ಆದ ಮೇಲೆ ಉಳಿಯುವುದು 2500. ಸೆಕೆಂಡಿಗೆ 400 ಮೆಗಾಬೈಟ್. ಕಿಟಕಿ ಹಾಕಿದ್ದಕ್ಕೇ ಐದನೇ ಒಂದು ಭಾಗಕ್ಕೆ ಇಳಿಯಿತು. ಹೀಗೆ ಕಿಟಕಿ ಹಾಕುವ ಗೇಟಿಂಗ್ ಮೊದಲ ಹೆಜ್ಜೆಯಲ್ಲೇ, ಎಡಿಸಿ (ಸಿಗ್ನಲನ್ನು ಅಂಕಿಗಳಾಗಿಸುವ ಭಾಗ) ಪಕ್ಕದಲ್ಲೇ ಆಗಬೇಕು.

ಈಗ ಗಣಿತ. ಪಲ್ಸ್ ಕಂಪ್ರೆಶನ್‌ಗೆ 4096 ಪಾಯಿಂಟಿನ ಎಫ್‌ಎಫ್‌ಟಿ (ಸಿಗ್ನಲನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ), ಒಂದು ಗುಣಾಕಾರ, ಮತ್ತೆ ತಿರುಗು ಎಫ್‌ಎಫ್‌ಟಿ. ಸುಮಾರು 5 ಲಕ್ಷ ಲೆಕ್ಕ. ನಾಲ್ಕು ಚಾನೆಲ್, ಸೆಕೆಂಡಿಗೆ 10,000 ಪಲ್ಸ್: 20 ಗಿಗಾಫ್ಲಾಪ್ಸ್ (ಸೆಕೆಂಡಿಗೆ 2,000 ಕೋಟಿ ಲೆಕ್ಕ) ಚಿಲ್ಲರೆ. ಡಾಪ್ಲರ್ ಎಫ್‌ಎಫ್‌ಟಿಗೆ ಇನ್ನೊಂದು 4. ಒಟ್ಟು 25 ಅಂದುಕೊಳ್ಳಿ.

ಸಿ6678 ಕಾಗದದ ಮೇಲೆ 1.25 ಗಿಗಾಹರ್ಟ್ಸ್‌ನಲ್ಲಿ 160 ಗಿಗಾಫ್ಲಾಪ್ಸ್ ಕೊಡುತ್ತದೆ. ಹಾಗಾಗಿ ಗಣಿತ ಇಲ್ಲಿ ಸಮಸ್ಯೆಯೇ ಅಲ್ಲ. ಮೂರು ಆಯ್ಕೆಯಲ್ಲೂ ಆಗುತ್ತದೆ. ಸಮಸ್ಯೆ ಬೇರೆ ಕಡೆ ಇದೆ.

ಹಳೇ ಬೇರು

ಗೇಟುಗಾತಿ ಮೇಡಂ ಲೆಕ್ಕ ನೋಡಿ ಖುಷಿಯಾಯಿತು. ಈಗಿನವರಿಗೆ ಆ 25 ಗಿಗಾಫ್ಲಾಪ್ಸ್ ಎಷ್ಟು ದೊಡ್ಡದು ಅಂತ ಅಂದಾಜು ಸಿಗಲಿ ಅಂತ ಬರೆಯುತ್ತಿದ್ದೇನೆ.

ಒಂದು ಕಾಲದಲ್ಲಿ ಪಲ್ಸ್ ಕಂಪ್ರೆಶನ್ ಅಂದರೆ ಎಸ್‌ಎಡಬ್ಲ್ಯು ಡಿಲೇ ಲೈನ್. ಹರಳಿನ ಮೇಲೆ ಗೆರೆಗಳನ್ನು ಕೊರೆದು ಮಾಡಿದ ಫಿಲ್ಟರ್. ಒಂದು ಚರ್ಪಿಗೆ (ಆವರ್ತನ ಏರುತ್ತಾ ಅಥವಾ ಇಳಿಯುತ್ತಾ ಹೋಗುವ ಪಲ್ಸ್) ಒಂದು ಡಿವೈಸ್. ಚರ್ಪ್ ಉದ್ದ ಬದಲಾಯಿಸಬೇಕು ಅಂದರೆ ಹೊಸ ಡಿವೈಸ್ ಮಾಡಿಸಬೇಕಿತ್ತು. ರೀಕಾನ್ಫಿಗರ್ ಅನ್ನುವ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ.

ಆಮೇಲೆ ಡಿಎಸ್‌ಪಿ ಚಿಪ್‌ಗಳು ಬಂದವು. 90ರ ದಶಕದ ನಡುವೆ ಅನಲಾಗ್ ಡಿವೈಸಸ್‌ನ ಶಾರ್ಕ್ 21060 ಬಂದಾಗ ನಮಗೆಲ್ಲ ಹಬ್ಬ. 40 ಮೆಗಾಹರ್ಟ್ಸ್, 120 ಮೆಗಾಫ್ಲಾಪ್ಸ್, ಚಿಪ್ ಒಳಗೇ 4 ಮೆಗಾಬಿಟ್ ಮೆಮೊರಿ, ಪಕ್ಕದ ಚಿಪ್‌ಗೆ ಮಾತಾಡಲು ಆರು ಲಿಂಕ್ ಪೋರ್ಟ್. ನಿಮ್ಮ 25 ಗಿಗಾಫ್ಲಾಪ್ಸ್‌ಗೆ ಅಂಥವು ಕಾಗದದ ಮೇಲೇ 200ಕ್ಕೂ ಜಾಸ್ತಿ ಬೇಕು. ಆಗ ನಾವು ಕಲಿತ ಪಾಠ ಇದು: ಗಣಿತಕ್ಕಿಂತ ಡೇಟಾ ಸಾಗಿಸುವುದೇ ಕಷ್ಟ. ಆ ಚಿಪ್‌ನ ಹಿರಿಮೆ ಇದ್ದದ್ದು ಆ ಆರು ಲಿಂಕ್ ಪೋರ್ಟಿನಲ್ಲಿ.

ಕರಾವಳಿ ಕೋಡರ್

ಹಾಗಾದರೆ ಜಿಪಿಯು ಯಾಕೆ ಬೇಡ? 400 ಮೆಗಾಬೈಟ್ ಅಂದರೆ ಏನೂ ಅಲ್ಲ. ಮೂರನೇ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್ ಎಂಟು ಲೇನ್ ಇದ್ದರೆ ಸೆಕೆಂಡಿಗೆ ಸುಮಾರು 8 ಗಿಗಾಬೈಟ್ ಸಾಗುತ್ತದೆ. ಕೋಡ್ ಬದಲಾಯಿಸಿ ಎರಡು ನಿಮಿಷದಲ್ಲಿ ಮತ್ತೆ ಓಡಿಸಬಹುದು. ಎಫ್‌ಪಿಜಿಎಯಲ್ಲಿ ಒಂದು ಸಾಲು ಬದಲಾದರೆ ಬಿಟ್‌ಸ್ಟ್ರೀಮ್ (ಚಿಪ್‌ಗೆ ತುಂಬುವ ಫೈಲ್) ಬರಲು ಗಂಟೆಗಟ್ಟಲೆ ಕಾಯಬೇಕು. ಸಣ್ಣ ತಂಡಕ್ಕೆ ಅದು ದೊಡ್ಡ ಹೊರೆ ಅಲ್ವಾ? ಪ್ರಯೋಗದ ರೇಡಾರಿನಲ್ಲಿ ಅಲ್ಗಾರಿದಮ್ ದಿನಾ ಬದಲಾಗುತ್ತದೆ. ದಿನಾ ಬದಲಾಗುವುದು ಸಾಫ್ಟ್‌ವೇರಿನಲ್ಲಿ ಇರಬೇಕು.

ಗೇಟುಗಾತಿ

ಕೋಡರ್ ಅವರ ಕೊನೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ಜಿಪಿಯು ಒಂದೇ ಆಗದು. ಎಡಿಸಿ ಪಕ್ಕದಲ್ಲಿ ಯಾರೋ ಒಬ್ಬರು ಪ್ರತಿ ಪಲ್ಸಿಗೂ, ಪ್ರತಿ ಕ್ಲಾಕಿಗೂ ಲೆಕ್ಕ ಇಟ್ಟು ಕೂರಬೇಕು. ಯಾವ ಕ್ಷಣಕ್ಕೆ ಟ್ರಾನ್ಸ್‌ಮಿಟ್, ಯಾವ ಕ್ಷಣಕ್ಕೆ ಕಿಟಕಿ ತೆರೆಯುವುದು, ಎನ್‌ಸಿಒ (ಚಿಪ್ ಒಳಗಿನ ಡಿಜಿಟಲ್ ಆಂದೋಲಕ) ಫೇಸ್ ಎಷ್ಟು. ಅಲ್ಲಿ ನ್ಯಾನೋಸೆಕೆಂಡ್ ಅತ್ತಿತ್ತ ಆಗುವಂತಿಲ್ಲ. ಅದು ಎಫ್‌ಪಿಜಿಎ ಕೆಲಸ.

ನಿಮ್ಮ ಗಾತ್ರಕ್ಕೆ ಕ್ಸೈಲಿಂಕ್ಸ್‌ನ ಆರ್‌ಎಫ್‌ಸಾಕ್ ಚಿಪ್‌ಗಳನ್ನು ನೋಡಿ, ಎಫ್‌ಪಿಜಿಎ, ಎಡಿಸಿ, ಪ್ರೊಸೆಸರ್ ಎಲ್ಲ ಒಂದರಲ್ಲೇ ಇರುತ್ತವೆ. ಮೊದಲ ತಲೆಮಾರಿನ ಝಡ್‌ಯು28ಡಿಆರ್ ಉದಾಹರಣೆಗೆ: ಒಳಗೇ ಎಂಟು ಎಡಿಸಿ, 12 ಬಿಟ್, ಸೆಕೆಂಡಿಗೆ 4 ಗಿಗಾಸ್ಯಾಂಪಲ್ ದಾಟುತ್ತವೆ. ಎಂಟು ಡಿಎಸಿ (ಅಂಕಿಗಳನ್ನು ಮತ್ತೆ ಸಿಗ್ನಲ್ ಮಾಡುವ ಭಾಗ). ನಾಲ್ಕು ಆರ್ಮ್ ಎ53 ಕೋರ್, ಎರಡು ಆರ್5. 4272 ಡಿಎಸ್‌ಪಿ ಸ್ಲೈಸ್ (ಗುಣಿಸಿ ಕೂಡಿಸುವ ಘಟಕಗಳು). ಡಿಜಿಟಲ್ ಡೌನ್‌ಕನ್ವರ್ಟರ್ ಸಿಲಿಕಾನಿನಲ್ಲೇ ಕೂತಿದೆ, 8ರವರೆಗೆ ಡೆಸಿಮೇಶನ್ (ಸ್ಯಾಂಪಲ್ ದರ ಇಳಿಸುವುದು) ಅದೇ ಮಾಡುತ್ತದೆ. 4 ಗಿಗಾದಿಂದ 500 ಮೆಗಾ, ಆಮೇಲೆ ಫ್ಯಾಬ್ರಿಕ್‌ನಲ್ಲಿ (ಎಫ್‌ಪಿಜಿಎ ಭಾಗದಲ್ಲಿ) ಇನ್ನೊಂದು ನಾಲ್ಕು, 125ಕ್ಕೆ ಬಂದಿರಿ. ಎಕ್ಸ್ ಬ್ಯಾಂಡ್ ಇದಕ್ಕೆ ನೇರ ಸಿಗುವುದಿಲ್ಲ, ಮಿಕ್ಸರ್ ಹಾಕಿ ಐಎಫ್‌ಗೆ (ನಡುವಿನ ಕಡಿಮೆ ಆವರ್ತನಕ್ಕೆ) ಇಳಿಸಿಯೇ ಕೊಡಬೇಕು.

ಇನ್ನು ಎಫ್‌ಎಫ್‌ಟಿ. ಒಂದು ಸ್ಟ್ರೀಮಿಂಗ್ ಎಫ್‌ಎಫ್‌ಟಿ ಎಂಜಿನ್ 250 ಮೆಗಾಹರ್ಟ್ಸ್‌ನಲ್ಲಿ 4096 ಪಾಯಿಂಟ್ ಮುಗಿಸಲು 16.4 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. ನಾಲ್ಕು ಚಾನೆಲ್ ಒಂದರ ಹಿಂದೆ ಒಂದು ಕೊಟ್ಟರೆ 66. ನಿಮ್ಮ ಹತ್ತಿರ 100 ಇದೆ. ಅಂದರೆ ಮುಂದಕ್ಕೆ ಒಂದು ಎಂಜಿನ್, ಹಿಂದಕ್ಕೆ ಒಂದು ಎಂಜಿನ್. ನಾಲ್ಕೂ ಚಾನೆಲ್‌ಗೆ ಈ ಜೋಡಿ ಸಾಕು! ದೂರದ ಮೋಡಿನಲ್ಲಿ 6.25 ಮಿಲಿಯನ್ ಸ್ಯಾಂಪಲ್ ದರ ಇಟ್ಟರೆ ಪಲ್ಸಿಗೆ 6250 ಸ್ಯಾಂಪಲ್, 8192 ಪಾಯಿಂಟ್. ನಾಲ್ಕು ಚಾನೆಲ್‌ಗೆ 131 ಮೈಕ್ರೋಸೆಕೆಂಡ್, ಇರುವ ಸಮಯ 1000. ಎಂಜಿನ್ ಬಹುಪಾಲು ಹೊತ್ತು ಸುಮ್ನೆ ಕೂತಿರುತ್ತದೆ.

ಸಮಸ್ಯೆ ಎಲ್ಲಿ ಅಂದರೆ, ಪಲ್ಸ್ ಕಂಪ್ರೆಶನ್‌ಗೂ ಡಾಪ್ಲರ್‌ಗೂ ನಡುವಿನ ಕಾರ್ನರ್ ಟರ್ನ್.

ಎರಡನೇ ಸೆಮಿಸ್ಟರ್

ನಾನು ಎಂ.ಟೆಕ್ ಓದುತ್ತಿದ್ದೇನೆ. ಕಾರ್ನರ್ ಟರ್ನ್ ಅಂದರೆ ಬರೀ ಮ್ಯಾಟ್ರಿಕ್ಸ್ ಟ್ರಾನ್ಸ್‌ಪೋಸ್ ತಾನೇ ಮೇಡಂ? ಮ್ಯಾಟ್‌ಲ್ಯಾಬಿನಲ್ಲಿ ಒಂದು ಅಪಾಸ್ಟ್ರಫಿ ಹಾಕಿದರೆ ಮುಗಿಯಿತು. ಅದು ಯಾಕೆ ಇಷ್ಟು ದೊಡ್ಡ ವಿಷಯ?

ಗೇಟುಗಾತಿ

ಗಣಿತದಲ್ಲಿ ಅಷ್ಟೇ. ಹಾರ್ಡ್‌ವೇರಿನಲ್ಲಿ ಅದು ಮಗ್ಗದ ಹಾಸು ಹೊಕ್ಕು ಇದ್ದ ಹಾಗೆ. ಡೇಟಾ ಬರುವುದು ಹೊಕ್ಕಿನ ದಿಕ್ಕಿನಲ್ಲಿ, ಒಂದು ಪಲ್ಸಿನ ಎಲ್ಲ ದೂರಗಳು ಸಾಲಾಗಿ. ಡಾಪ್ಲರ್‌ಗೆ ಬೇಕಾದದ್ದು ಹಾಸಿನ ದಿಕ್ಕಿನಲ್ಲಿ, ಒಂದೇ ದೂರದ 256 ಪಲ್ಸ್. ಪೂರ್ತಿ ನೇಯ್ದು ಮುಗಿಯುವ ತನಕ ಒಂದು ಹಾಸಿನ ಎಳೆಯೂ ಪೂರ್ತಿ ಸಿಗುವುದಿಲ್ಲ. ಹಾಗಾಗಿ ಎಲ್ಲವನ್ನೂ ಎಲ್ಲಾದರೂ ಇಟ್ಟುಕೊಂಡಿರಬೇಕು.

ಎಷ್ಟು? 256 ಪಲ್ಸ್, 2500 ದೂರ, 4 ಚಾನೆಲ್, 4 ಬೈಟ್. 10.24 ಮೆಗಾಬೈಟ್. ಒಂದನ್ನು ಓದುವಾಗ ಇನ್ನೊಂದು ತುಂಬುತ್ತಿರಬೇಕು, ಹಾಗಾಗಿ ಎರಡರಷ್ಟು, 20 ಮೆಗಾಬೈಟ್ ದಾಟಿತು. ಝಡ್‌ಯು28ಡಿಆರ್ ಒಳಗೆ ಬ್ಲಾಕ್ ರ‍್ಯಾಮ್ 38 ಮೆಗಾಬಿಟ್, ಅಲ್ಟ್ರಾ ರ‍್ಯಾಮ್ 22.5 ಮೆಗಾಬಿಟ್. ಎರಡೂ ಸೇರಿ ಏಳೂವರೆ ಮೆಗಾಬೈಟ್. ಸಿ6678 ಒಳಗೂ ಹಂಚಿಕೆಯ ಮೆಮೊರಿ 4 ಮೆಗಾಬೈಟ್, ಕೋರ್‌ಗಳ ಎಲ್2 ಒಟ್ಟು ಸೇರಿ ಇನ್ನೊಂದು 4. ಎರಡರಲ್ಲೂ ಹಿಡಿಸುವುದಿಲ್ಲ. ಹೊರಗಿನ ಡಿಡಿಆರ್ ಮೆಮೊರಿಗೆ ಹೋಗಲೇಬೇಕು. ಡಿಡಿಆರ್‌ಗೆ ಸಾಲಾಗಿ ಓದುವುದು ಇಷ್ಟ, ಜಿಗಿದು ಜಿಗಿದು ಓದುವುದು ಕಷ್ಟ. ಪ್ರತಿ ಜಿಗಿತಕ್ಕೂ ಹೊಸ ರೋ ತೆರೆಯಬೇಕಾಗುತ್ತದೆ.

ರೇಡಾರ್ ಪ್ರೊಸೆಸರ್ ಬೋರ್ಡ್ ಆರಿಸುವಾಗ ಫ್ಲಾಪ್ಸ್ ನೋಡುವ ಮೊದಲು ಮೆಮೊರಿ ಎಷ್ಟು, ಅದರ ದಾರಿ ಎಷ್ಟು ಅಗಲ ಅಂತ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಪಲ್ಸ್‌ಪ್ರಿಯ

ತುಂಬಾ ಉಪಕಾರ ಮೇಡಂ. ಈಗ ನನ್ನ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಮೋಡ್ ಬದಲಾದಾಗ ಎಫ್‌ಪಿಜಿಎಯ ಒಂದು ಭಾಗವನ್ನು ಹೊಸದಾಗಿ ತುಂಬುವುದು, ಪಾರ್ಷಿಯಲ್ ರೀಕಾನ್ಫಿಗರೇಶನ್, ಇದು ಸರಿಯಾದ ದಾರಿಯೇ? ರೀಕಾನ್ಫಿಗರೆಬಲ್ ರೇಡಾರ್ ಅಂದರೆ ಅದೇ ಅಂತ ನಮ್ಮ ಪ್ರಸ್ತಾವದಲ್ಲಿ ಬರೆದಿದ್ದೇವೆ.

ಗೇಟುಗಾತಿ

ನಿಮ್ಮ ಕೆಲಸಕ್ಕೆ ಬೇಡ. ಯಾಕೆ ಅಂತ ಸಮಯದ ಲೆಕ್ಕದಲ್ಲೇ ಹೇಳುತ್ತೇನೆ.

ಕ್ಸೈಲಿಂಕ್ಸ್ 7 ಸರಣಿಯಲ್ಲಿ ಐಕ್ಯಾಪ್ ಪೋರ್ಟ್ (ಬಿಟ್‌ಸ್ಟ್ರೀಮ್ ಒಳಗೆ ಹೋಗುವ ಬಾಗಿಲು) 32 ಬಿಟ್ ಅಗಲ, 100 ಮೆಗಾಹರ್ಟ್ಸ್. ಸೆಕೆಂಡಿಗೆ 400 ಮೆಗಾಬೈಟ್. 4 ಮೆಗಾಬೈಟಿನ ಪಾರ್ಷಿಯಲ್ ಬಿಟ್‌ಸ್ಟ್ರೀಮ್ ತುಂಬಲು 10 ಮಿಲಿಸೆಕೆಂಡ್. ಹೊಸ ಚಿಪ್‌ಗಳಲ್ಲಿ ಇದು ಇನ್ನಷ್ಟು ಬೇಗ ಆಗುತ್ತದೆ, ಆದರೂ ಮಿಲಿಸೆಕೆಂಡುಗಳ ಲೆಕ್ಕವೇ. ನಿಮ್ಮ ಹತ್ತಿರದ ಮೋಡಿನ ಒಂದು ಪೂರ್ತಿ ಸುತ್ತು 25.6 ಮಿಲಿಸೆಕೆಂಡ್. 10 ಹೋದರೆ 100 ಪಲ್ಸ್ ಹೋದ ಹಾಗೆ.

ಈಗ ನೋಡಿ, ಎರಡು ಮೋಡಿನ ನಡುವೆ ನಿಜಕ್ಕೂ ಬದಲಾಗುವುದು ಏನು? ಎಫ್‌ಎಫ್‌ಟಿ ಉದ್ದ: ಕ್ಸೈಲಿಂಕ್ಸ್‌ನ ಸಿದ್ಧ ಎಫ್‌ಎಫ್‌ಟಿ ಕೋರ್‌ಗೆ ಓಡುತ್ತಿರುವಾಗಲೇ ಉದ್ದ ಬದಲಾಯಿಸಲು ಹೇಳಬಹುದು. ಮ್ಯಾಚ್ಡ್ ಫಿಲ್ಟರ್ (ಪಲ್ಸ್ ಕಂಪ್ರೆಶನ್‌ನಲ್ಲಿ ಗುಣಿಸುವ ಮಾದರಿ): ಅದು ಒಂದು ಕೋಷ್ಟಕ, ಎರಡನ್ನೂ ಮೆಮೊರಿಯಲ್ಲಿ ಇಟ್ಟುಕೊಂಡು ಯಾವುದು ಬೇಕೋ ಅದರ ವಿಳಾಸ ಕೊಡಿ. ಡೆಸಿಮೇಶನ್: ಎರಡು ಹಂತ, ಒಂದನ್ನು ಬೈಪಾಸ್ ಮಾಡುವ ಸ್ವಿಚ್. ಕಿಟಕಿಯ ಶುರು, ಕೊನೆ: ಎರಡು ರಿಜಿಸ್ಟರ್. ಟ್ರಾನ್ಸ್‌ಮಿಟ್ ಚರ್ಪ್: ಇನ್ನೊಂದು ಕೋಷ್ಟಕ. ಲಾಜಿಕ್ ಒಂದು ಗೇಟೂ ಬದಲಾಗಬೇಕಿಲ್ಲ. ಎಲ್ಲವನ್ನೂ ನೆರಳು ರಿಜಿಸ್ಟರ್‌ಗಳಲ್ಲಿ ಮೊದಲೇ ಬರೆದಿಟ್ಟು, ಪಲ್ಸಿನ ಗಡಿಯಲ್ಲಿ ಒಂದೇ ಕ್ಲಾಕಿಗೆ ಒಳಗೆ ಬಿಟ್ಟರೆ ಆಯಿತು. ಮೈಕ್ರೋಸೆಕೆಂಡೂ ಬೇಡ.

ಪಾರ್ಷಿಯಲ್ ರೀಕಾನ್ಫಿಗರೇಶನ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಅದೇ ಪೆಟ್ಟಿಗೆ ಅರ್ಧ ಗಂಟೆ ರೇಡಾರ್, ಆಮೇಲೆ ಸಂವಹನದ ರೇಡಿಯೋ ಆಗಬೇಕು, ಎರಡರ ಲಾಜಿಕ್ಕೂ ಒಟ್ಟಿಗೆ ಚಿಪ್‌ನಲ್ಲಿ ಹಿಡಿಸುವುದಿಲ್ಲ ಅಂದಾಗ ಅದರಷ್ಟು ಉಪಯೋಗದ್ದು ಬೇರೆ ಇಲ್ಲ. ಗಂಟೆಗೊಮ್ಮೆ ಆಗುವ ಬದಲಾವಣೆಗೆ ಅದು ಸರಿ. ಮಿಲಿಸೆಕೆಂಡಿಗೊಮ್ಮೆ ಆಗುವುದಕ್ಕೆ ಅಲ್ಲ.

ಪಲ್ಸ್‌ಪ್ರಿಯ

ಒಂದು ಆಕ್ಷೇಪ. ರಿಜಿಸ್ಟರ್ ಬದಲಾಯಿಸುವುದನ್ನೇ ರೀಕಾನ್ಫಿಗರ್ ಅಂದರೆ ಯಾವ ರೇಡಾರ್ ತಾನೇ ರೀಕಾನ್ಫಿಗರೆಬಲ್ ಅಲ್ಲ? ಮುಂದೆ ನಮಗೆ ಈಗ ಗೊತ್ತಿಲ್ಲದ ವೇವ್‌ಫಾರಂ ಬಂದರೆ?

ನೆಕರ್ ದಂಡೆ

ನಾನು ಜರ್ಮನಿಯಲ್ಲಿ ಕಾರಿನ ರೇಡಾರ್ ಕೆಲಸದಲ್ಲಿದ್ದೇನೆ. ಆ ಪ್ರಶ್ನೆಗೆ ನಮ್ಮ ಕ್ಷೇತ್ರದಿಂದ ಒಂದು ಉದಾಹರಣೆ.

ಟಿಐನ ಎಡಬ್ಲ್ಯುಆರ್1843 ನೋಡಿ. 76ರಿಂದ 81 ಗಿಗಾಹರ್ಟ್ಸ್, ಮೂರು ಟ್ರಾನ್ಸ್‌ಮಿಟರ್, ನಾಲ್ಕು ರಿಸೀವರ್. ಒಂದೇ ಚಿಪ್ ಒಳಗೆ ಸಿ674ಎಕ್ಸ್ ಡಿಎಸ್‌ಪಿ, ಆರ್4ಎಫ್ ಕೋರ್, ಅದರ ಜೊತೆ ಒಂದು ಹಾರ್ಡ್‌ವೇರ್ ಆಕ್ಸಿಲರೇಟರ್. ಎಫ್‌ಪಿಜಿಎ ಇಲ್ಲವೇ ಇಲ್ಲ. ಆದರೂ ಪಾರ್ಕಿಂಗ್‌ಗೆ ಒಂದು ರೀತಿ, ಹೆದ್ದಾರಿಗೆ ಒಂದು ರೀತಿ ನಡೆಯುತ್ತದೆ. ಹೇಗೆ? ನಾಲ್ಕು ಪ್ರೊಫೈಲ್, ಅದರ ಮೇಲೆ 512 ಚರ್ಪ್ ವಿವರಗಳನ್ನು ಮೊದಲೇ ತುಂಬಿಡಬಹುದು. ಆಕ್ಸಿಲರೇಟರ್‌ಗೂ ಪ್ಯಾರಾಮೀಟರ್ ಸೆಟ್‌ಗಳಿವೆ. ಈ ಎಫ್‌ಎಫ್‌ಟಿ ಮಾಡು, ಆಮೇಲೆ ಅದು, ಆಮೇಲೆ ಸಿಫಾರ್ (ಗದ್ದಲದ ನಡುವೆ ಗುರಿ ಗುರುತಿಸುವ ಲೆಕ್ಕ) ಅಂತ ಸರದಿ ಬರೆದಿಟ್ಟರೆ ಪ್ರೊಸೆಸರ್ ಕೈ ಹಾಕದೆ ಅದೇ ಓಡುತ್ತದೆ. ಕಾರ್ನರ್ ಟರ್ನ್ ಕೆಲಸ ಇಡಿಎಂಎ (ಚಿಪ್ ಒಳಗೆ ಡೇಟಾ ಸಾಗಿಸುವ ಭಾಗ) ನೋಡಿಕೊಳ್ಳುತ್ತದೆ.

ನನ್ನ ಅಭಿಪ್ರಾಯ: ಹೊಸ ವೇವ್‌ಫಾರಂ ಬಂದಾಗ ಗಟ್ಟಿ ಚಿಪ್‌ನಲ್ಲಿ ನಿಮಗೆ ದಾರಿ ಮುಚ್ಚುತ್ತದೆ, ಎಫ್‌ಪಿಜಿಎಯಲ್ಲಿ ಮುಚ್ಚುವುದಿಲ್ಲ. ಎಫ್‌ಪಿಜಿಎಗೆ ದುಡ್ಡು ಕೊಡುವುದು ಮುಂದಿನ ವರ್ಷದ ಬದಲಾವಣೆಗಾಗಿ. ಮುಂದಿನ ಮಿಲಿಸೆಕೆಂಡಿನ ಬದಲಾವಣೆಗೆ ಕೋಷ್ಟಕ ಸಾಕು. ಪಲ್ಸ್‌ಪ್ರಿಯ ಅವರೇ, ನಿಮ್ಮ ಪ್ರಸ್ತಾವದಲ್ಲಿ ಈ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.

ಹಳೇ ಬೇರು

ಮೋಡ್ ಬದಲಾವಣೆ ಬಗ್ಗೆ ಒಂದು ಮಾತು. ಹಾರ್ಡ್‌ವೇರ್ ಎಷ್ಟೇ ಬೇಗ ಇದ್ದರೂ ಆಕಾಶ ಅಷ್ಟು ಬೇಗ ಬದಲಾಗುವುದಿಲ್ಲ. 100 ಮೈಕ್ರೋಸೆಕೆಂಡ್ ಅಂತರದಲ್ಲಿ ಗೊಂದಲವಿಲ್ಲದ ದೂರ 15 ಕಿಲೋಮೀಟರ್. 16 ಕಿಲೋಮೀಟರ್ ಆಚೆಯ ಗುಡ್ಡದ ಪ್ರತಿಧ್ವನಿ ಮುಂದಿನ ಪಲ್ಸಿನ ಕಿಟಕಿಯಲ್ಲಿ 1 ಕಿಲೋಮೀಟರಿನಲ್ಲಿ ಕಾಣುತ್ತದೆ. ಎಲ್ಲ ಪಲ್ಸಿನಲ್ಲೂ ಅದು ಒಂದೇ ಸಮ ಇದ್ದರೆ ಡಾಪ್ಲರ್ ಫಿಲ್ಟರ್ ಅದನ್ನು ಸೊನ್ನೆ ವೇಗದ ಬಿನ್ನಿಗೆ ತಳ್ಳುತ್ತದೆ. ಆದರೆ ಮೋಡ್ ಬದಲಾದ ಮೊದಲ ಪಲ್ಸಿನಲ್ಲಿ ಅದು ಇರುವುದಿಲ್ಲ, ಎರಡನೆಯದರಿಂದ ಇರುತ್ತದೆ. ಆ ಒಂದು ಏರುಪೇರು ಇಡೀ ಡಾಪ್ಲರ್ ತುಂಬ ಹರಡುತ್ತದೆ.

ಅದಕ್ಕೇ ಬದಲಾದ ಕೂಡಲೇ ಒಂದೆರಡು ಫಿಲ್ ಪಲ್ಸ್ ಬಿಡಿ. ಪ್ರಸಾರ ಮಾಡಿ, ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅಂದರೆ ಭೌತಶಾಸ್ತ್ರವೇ ನಿಮಗೆ ನೂರಿನ್ನೂರು ಮೈಕ್ರೋಸೆಕೆಂಡ್ ಬಿಡುವು ಕೊಟ್ಟಿದೆ. ಹಾರ್ಡ್‌ವೇರ್ ಅದರೊಳಗೆ ಬದಲಾದರೆ ಸಾಕು. 10 ಮಿಲಿಸೆಕೆಂಡ್ ಮಾತ್ರ ಜಾಸ್ತಿಯಾಯಿತು.

ಇನ್ನೊಂದು: ಪ್ರತಿ ಪಲ್ಸಿನ ಶುರುವಿನಲ್ಲೂ ಎನ್‌ಸಿಒ ಫೇಸ್ ನಿಮಗೆ ಗೊತ್ತಿರಬೇಕು. ಒಂದು ಮೋಡಿನಿಂದ ಇನ್ನೊಂದಕ್ಕೆ ಹೋಗಿ ಬಂದ ಮೇಲೂ. ಚಾನೆಲ್‌ಗಳ ನಡುವೆಯೂ ಅಷ್ಟೇ. ಪವರ್ ಆಫ್ ಮಾಡಿ ಆನ್ ಮಾಡಿದಾಗಲೆಲ್ಲ ಚಾನೆಲ್ ನಡುವಿನ ತಡ ಬದಲಾದರೆ ನಿಮ್ಮ ದಿಕ್ಕಿನ ಲೆಕ್ಕ ಹಾಳು. ಆರ್‌ಎಫ್‌ಸಾಕ್‌ನಲ್ಲಿ ಇದಕ್ಕೆ ಮಲ್ಟಿ ಟೈಲ್ ಸಿಂಕ್ (ಎಲ್ಲ ಎಡಿಸಿಗಳನ್ನು ಒಂದೇ ಸಮಯಕ್ಕೆ ಹೊಂದಿಸುವುದು) ಅಂತ ಇದೆ, ಅದಕ್ಕೆ ಸಿಸ್‌ರೆಫ್ ಎಂಬ ಸಿಗ್ನಲ್ ಕೊಡಬೇಕು. ಬೋರ್ಡ್ ಬಂದ ಮೊದಲ ವಾರವೇ ಇದನ್ನು ಪರೀಕ್ಷಿಸಿ. ಒಂದೇ ಸಿಗ್ನಲ್ ಅನ್ನು ನಾಲ್ಕು ಚಾನೆಲ್‌ಗೂ ಕೊಟ್ಟು, ಮತ್ತೆ ಮತ್ತೆ ಆನ್ ಆಫ್ ಮಾಡಿ ಫೇಸ್ ಅಳೆಯಿರಿ.

ಗಾಳಿ ಅಳೆಯುವವ

ನಾನು ವಾತಾವರಣದ ರೇಡಾರ್ ಕಡೆಯವನು. ಎಲ್ಲ ರೇಡಾರಿಗೂ ಒಂದೇ ಹಾರ್ಡ್‌ವೇರ್ ಅನ್ನುವ ಮಾತು ಕೇಳಿದಾಗ ನನಗೆ ಗಾದಂಕಿ ನೆನಪಾಗುತ್ತದೆ. ತಿರುಪತಿ ಹತ್ತಿರ, ರಾಷ್ಟ್ರೀಯ ವಾತಾವರಣ ಸಂಶೋಧನಾ ಪ್ರಯೋಗಾಲಯದ (ಎನ್‌ಎಆರ್‌ಎಲ್) ಎಂಎಸ್‌ಟಿ ಎಂಬ ವಾತಾವರಣದ ರೇಡಾರ್. 53 ಮೆಗಾಹರ್ಟ್ಸ್, 1024 ಯಾಗಿ ಆಂಟೆನಾ. ಅಲ್ಲಿ ತರಂಗದ ಉದ್ದ ಐದೂವರೆ ಮೀಟರಿಗೂ ಜಾಸ್ತಿ. ಸೆಕೆಂಡಿಗೆ 10 ಮೀಟರ್ ಗಾಳಿ ಬೀಸಿದರೂ ಡಾಪ್ಲರ್ ಬರೀ ಮೂರೂವರೆ ಹರ್ಟ್ಸ್. ಸೆಕೆಂಡಿಗೆ ಸಾವಿರ ಪಲ್ಸ್ ಬಿಟ್ಟರೂ ಅಷ್ಟು ಬೇಕಿಲ್ಲ. ಹಾಗಾಗಿ ಪಲ್ಸ್‌ಗಳನ್ನು ಹಾಗೇ ಕೂಡಿಸಬಹುದು. 64 ಪಲ್ಸ್ ಕೂಡಿಸಿದರೆ ಡೇಟಾ 64ನೇ ಒಂದು ಭಾಗ. ಒಂದು ಆಡರ್ (ಕೂಡುವ ಸರ್ಕ್ಯೂಟ್), ಒಂದು ರ‍್ಯಾಮ್, ಅಷ್ಟೇ. ಕಾರ್ನರ್ ಟರ್ನ್ ಚಿಂತೆಯೇ ಹೋಯಿತು.

ನಿಮ್ಮ ಎಕ್ಸ್ ಬ್ಯಾಂಡಿನಲ್ಲಿ ಹೀಗೆ ಮಾಡಲು ಆಗುವುದಿಲ್ಲ. ತರಂಗ 3.2 ಸೆಂಟಿಮೀಟರ್, ಡ್ರೋನ್ ಸೆಕೆಂಡಿಗೆ 20 ಮೀಟರ್ ಹೋದರೆ ಡಾಪ್ಲರ್ 1250 ಹರ್ಟ್ಸ್. ಕೂಡಿಸಿದರೆ ಅದೇ ಅಳಿಸಿಹೋಗುತ್ತದೆ. ಹಾಗಾಗಿ ಹಾರ್ಡ್‌ವೇರ್ ಆರಿಸುವಾಗ ಮೊದಲ ಪ್ರಶ್ನೆ ಗುರಿ ಎಷ್ಟು ಬೇಗ ಬದಲಾಗುತ್ತದೆ ಅನ್ನುವುದು. ಚಿಪ್ ಆಮೇಲೆ.

ನಾಸಾ, ಇಸ್ರೋ ಸೇರಿ ಮಾಡಿದ ರೇಡಾರ್ ಉಪಗ್ರಹ ನೈಸಾರ್ ಬಗ್ಗೆಯೂ ಹೇಳಲೇಬೇಕು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿಯಲ್ಲಿ ಹೋಯಿತಲ್ಲ, ಅದೇ. ಎಲ್ ಬ್ಯಾಂಡ್ ನಾಸಾದ್ದು, ಎಸ್ ಬ್ಯಾಂಡ್ ಇಸ್ರೋದ್ದು. ಎರಡನ್ನೂ ಉಪಗ್ರಹಕ್ಕೆ ಜೋಡಿಸಿದ್ದು ನಮ್ಮ ಬೆಂಗಳೂರಿನಲ್ಲಿ. ಅದರಲ್ಲಿ ಸ್ವೀಪ್‌ಸಾರ್ ಅಂತ ಒಂದು ವಿಧಾನ ಇದೆ. ಪಲ್ಸ್ ಕೆಳಗೆ 240 ಕಿಲೋಮೀಟರ್ ಅಗಲದ ನೆಲಕ್ಕೆ ಬೀಳುತ್ತದೆ. ಹತ್ತಿರದ ನೆಲದ ಪ್ರತಿಧ್ವನಿ ಮೊದಲು, ದೂರದ್ದು ಆಮೇಲೆ ಬರುತ್ತದೆ. 12 ಮೀಟರಿನ ತಟ್ಟೆ ಅದನ್ನು ಫೀಡ್‌ನ (ತಟ್ಟೆಯ ಎದುರಿನ ಸಣ್ಣ ಆಂಟೆನಾಗಳ ಸಾಲಿನ) ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸುತ್ತಾ ಹೋಗುತ್ತದೆ. ಯಾವ ಕ್ಷಣದಲ್ಲಿ ಯಾವ ಫೀಡ್ ಚಾನೆಲ್‌ಗಳನ್ನು ಯಾವ ತೂಕದಲ್ಲಿ ಸೇರಿಸಬೇಕು ಅನ್ನುವುದನ್ನು ಡಿಜಿಟಲ್ ಹಾರ್ಡ್‌ವೇರ್ ಉಪಗ್ರಹದಲ್ಲೇ, ಆಗಲೇ ಮಾಡುತ್ತದೆ. ಒಂದೇ ಪ್ರತಿಧ್ವನಿಯ ಒಳಗೆ ಬೀಮ್ ಹೀಗೆ ಬದಲಾಗುತ್ತಾ ಹೋಗುತ್ತದೆ. ರೀಕಾನ್ಫಿಗರ್ ಅಂದರೆ ಇದಕ್ಕಿಂತ ಬೇಗದ್ದು ಬೇಕೇ? ಅಲ್ಲೂ ಆ ಕ್ಷಣದಲ್ಲಿ ಬದಲಾಗುವುದು ತೂಕಗಳು.

ಕರಾವಳಿ ಕೋಡರ್

ನೈಸಾರ್ ಉದಾಹರಣೆ ಚೆನ್ನಾಗಿದೆ. ಸರಿ, ಎಡಿಸಿಯಿಂದ ಪಲ್ಸ್ ಕಂಪ್ರೆಶನ್‌ವರೆಗೆ ಎಫ್‌ಪಿಜಿಎ ಅಂತ ಒಪ್ಪುತ್ತೇನೆ. ಅಲ್ಲಿಂದ ಮುಂದೆ? ಡಾಪ್ಲರ್, ಸಿಫಾರ್, ಟ್ರ್ಯಾಕಿಂಗ್, ಡ್ರೋನ್ ರೆಕ್ಕೆಯ ಮೈಕ್ರೋ ಡಾಪ್ಲರ್ (ತಿರುಗುವ ರೆಕ್ಕೆಯಿಂದ ಬರುವ ಸಣ್ಣ ಡಾಪ್ಲರ್). ಇವನ್ನು ಜಿಪಿಯುಗೆ ಕೊಡಿ. ಫ್ಲೋಟಿಂಗ್ ಪಾಯಿಂಟ್ ಸಿಗುತ್ತದೆ, ಬಿಟ್ ಬೆಳವಣಿಗೆಯ (ಲೆಕ್ಕ ಮುಂದುವರಿದಂತೆ ಅಂಕಿಗೆ ಹೆಚ್ಚು ಬಿಟ್ ಬೇಕಾಗುವ) ತಲೆನೋವು ಇಲ್ಲ.

ಗೇಟುಗಾತಿ

ಒಪ್ಪಿದೆ. ನಾನೂ ಗೆರೆ ಅಲ್ಲೇ ಎಳೆಯುತ್ತಿದ್ದೆ. ಆದರೆ ಬಿಟ್ ತಲೆನೋವು ಪೂರ್ತಿ ಹೋಗುವುದಿಲ್ಲ. ಗೆರೆಯ ಈ ಕಡೆ ಇದ್ದೇ ಇದೆ.

ಎಡಿಸಿ 12 ಬಿಟ್. 2 ಗಿಗಾಹರ್ಟ್ಸ್ ಅಗಲದ ನಾಯ್ಸನ್ನು 125 ಮೆಗಾಕ್ಕೆ ಕತ್ತರಿಸಿದಾಗ 12 ಡಿಬಿ ಲಾಭ, ಎರಡು ಬಿಟ್. ಪಲ್ಸ್ ಕಂಪ್ರೆಶನ್‌ನಲ್ಲಿ 2 ಮೈಕ್ರೋಸೆಕೆಂಡ್ ಗುಣಿಸು 100 ಮೆಗಾಹರ್ಟ್ಸ್, 200, ಅಂದರೆ 23 ಡಿಬಿ, ಹತ್ತಿರ ಹತ್ತಿರ ನಾಲ್ಕು ಬಿಟ್. ಡಿಎಸ್‌ಪಿ ಸ್ಲೈಸಿನ ಗುಣಕ 27 ಬೈ 18, ಹಾಗಾಗಿ ಒಳಗೆ ಅಗಲ ಸಾಕಷ್ಟಿದೆ. ಹೊರಗೆ ಬರುವಾಗ 16 ಬಿಟ್‌ಗೆ ಕತ್ತರಿಸಬೇಕು. ಇಲ್ಲಿ ಬ್ಲಾಕ್ ಫ್ಲೋಟಿಂಗ್ ಪಾಯಿಂಟ್ (ಒಂದು ಗುಂಪಿನ ಅಂಕಿಗಳಿಗೆಲ್ಲ ಒಂದೇ ಎಕ್ಸ್‌ಪೋನೆಂಟ್) ಹಾಕುವವರಿಗೆ ಒಂದು ಎಚ್ಚರಿಕೆ: ಎಫ್‌ಎಫ್‌ಟಿ ಕೋರ್ ಪ್ರತಿ ಪಲ್ಸಿಗೂ ಬೇರೆ ಎಕ್ಸ್‌ಪೋನೆಂಟ್ ಕೊಡಬಹುದು. ಅದನ್ನು ಸರಿ ಮಾಡದೆ ಡಾಪ್ಲರ್‌ಗೆ ಕೊಟ್ಟರೆ ಪಲ್ಸಿನಿಂದ ಪಲ್ಸಿಗೆ ಎತ್ತರ ಜಿಗಿಯುತ್ತದೆ, ಕಟ್ಟಡದ ದೊಡ್ಡ ಪ್ರತಿಧ್ವನಿ ಎಲ್ಲ ವೇಗಗಳಿಗೂ ಹರಡುತ್ತದೆ, ಡ್ರೋನ್ ಮುಳುಗಿಹೋಗುತ್ತದೆ. 256 ಪಲ್ಸಿಗೂ ಒಂದೇ ಸ್ಕೇಲಿಂಗ್ ಇಟ್ಟುಬಿಡಿ. ಅನಲಾಗ್ ಗೇನ್‌ಗೂ ಇದೇ ನಿಯಮ, ಸುತ್ತಿನ ನಡುವೆ ಮುಟ್ಟಬೇಡಿ.

ನೆಕರ್ ದಂಡೆ

ಕ್ಲಾಕ್ ಬಗ್ಗೆ ಯಾರೂ ಹೇಳಲಿಲ್ಲ. 12 ಬಿಟ್ ಅಂದರೆ ಸಿಗ್ನಲ್ಲಿಗೂ ನಾಯ್ಸಿಗೂ ನಡುವೆ ಲೆಕ್ಕದಲ್ಲಿ 74 ಡಿಬಿ. ಆದರೆ ಐಎಫ್ 3 ಗಿಗಾಹರ್ಟ್ಸ್ ಇದ್ದು ಕ್ಲಾಕ್ ಜಿಟ್ಟರ್ (ಕ್ಲಾಕಿನ ಸಮಯದ ನಡುಕ) 100 ಫೆಮ್ಟೋಸೆಕೆಂಡ್ ಇದ್ದರೆ ಸಿಗುವುದು 54 ಡಿಬಿ ಚಿಲ್ಲರೆ. ಐಎಫ್ 1 ಗಿಗಾಹರ್ಟ್ಸ್‌ಗೆ ಇಳಿಸಿದರೆ 64. ಬಿಟ್‌ಗಿಂತ ಕ್ಲಾಕ್ ಚಿಪ್ ಮೇಲೆ ದುಡ್ಡು ಹಾಕಿ. 3 ಗಿಗಾಹರ್ಟ್ಸ್ ಇಟ್ಟರೆ 4 ಗಿಗಾ ಸ್ಯಾಂಪಲಿಂಗಿನಲ್ಲಿ ಅದು ಎರಡನೇ ನೈಕ್ವಿಸ್ಟ್ ವಲಯ (ಸ್ಯಾಂಪಲಿಂಗ್ ದರದ ಅರ್ಧಕ್ಕಿಂತ ಮೇಲಿನ ಪಟ್ಟಿ). ಸ್ಪೆಕ್ಟ್ರಂ ತಲೆಕೆಳಗಾಗುತ್ತದೆ, ಏರುವ ಚರ್ಪ್ ಇಳಿಯುವ ಚರ್ಪ್ ಆಗಿ ಬರುತ್ತದೆ. ಮ್ಯಾಚ್ಡ್ ಫಿಲ್ಟರ್ ಕೋಷ್ಟಕ ಅದಕ್ಕೆ ತಕ್ಕಂತೆ ಇರಬೇಕು, ಇಲ್ಲದಿದ್ದರೆ ಸಿಗ್ನಲ್ ಕೂಡುವುದೇ ಇಲ್ಲ.

ಪಲ್ಸ್‌ಪ್ರಿಯ

ಎಲ್ಲರಿಗೂ ಮನಸಾರೆ ವಂದನೆ. ತಂಡದ ಜೊತೆ ಕೂತು ಮಾತಾಡಿದೆವು. ಈಗಿನ ತೀರ್ಮಾನ ಹೀಗಿದೆ. ಐಎಫ್ 1 ಗಿಗಾಹರ್ಟ್ಸ್. ಆರ್‌ಎಫ್‌ಸಾಕ್ ಬೋರ್ಡ್. ಗೇಟಿಂಗ್, ಡೆಸಿಮೇಶನ್, ಪಲ್ಸ್ ಕಂಪ್ರೆಶನ್, ಕಾರ್ನರ್ ಟರ್ನ್ ಎಫ್‌ಪಿಜಿಎಯಲ್ಲಿ. ಅಲ್ಲಿಂದ ಮುಂದೆ ಜಿಪಿಯು. ಎರಡು ಮೋಡಿಗೂ ಒಂದೇ ಬಿಟ್‌ಸ್ಟ್ರೀಮ್, ಬದಲಾವಣೆ ಎಲ್ಲ ಕೋಷ್ಟಕದಲ್ಲಿ, ಮೋಡ್ ಬದಲಾದಾಗ ಎರಡು ಫಿಲ್ ಪಲ್ಸ್. ಪಾರ್ಷಿಯಲ್ ರೀಕಾನ್ಫಿಗರೇಶನ್‌ಗೆ ಜಾಗ ಮಾತ್ರ ಬಿಟ್ಟಿರುತ್ತೇವೆ, ಮೊದಲ ಆವೃತ್ತಿಯಲ್ಲಿ ಬಳಸುವುದಿಲ್ಲ.

ಉಳಿದದ್ದು ಒಂದೇ ಪ್ರಶ್ನೆ, ಗೇಟುಗಾತಿ ಮೇಡಂಗೆ. ಡಿಡಿಆರ್‌ನಲ್ಲಿ ಡೇಟಾ ಯಾವ ಕ್ರಮದಲ್ಲಿ ಇಡಬೇಕು? ಚಾನೆಲ್ ಚಾನೆಲ್ ಬೇರೆ ಬೇರೆ ಇಟ್ಟರೆ ನಡೆಯುತ್ತದೆಯೇ?

ಗೇಟುಗಾತಿ

ಬೇರೆ ಬೇರೆ ಇಡಬೇಡಿ. 64 ಬಿಟ್ ಅಗಲದ ಡಿಡಿಆರ್4 ಒಂದು ಬರ್ಸ್ಟಿನಲ್ಲಿ (ಒಮ್ಮೆಗೆ ಓದುವ ಗುಂಪಿನಲ್ಲಿ) 64 ಬೈಟ್ ಕೊಡುತ್ತದೆ. ನಿಮಗೆ ಬೇಕಾದದ್ದು 4 ಬೈಟಿನ ಒಂದು ಸ್ಯಾಂಪಲ್ ಆದರೆ ಉಳಿದ 60 ಬೈಟ್ ದಂಡ. ಸೆಕೆಂಡಿಗೆ 400 ಮೆಗಾಬೈಟ್ ಓದುವ ಕಡೆ 6.4 ಗಿಗಾಬೈಟ್ ಓದುತ್ತೀರಿ. 2400 ವೇಗದ ಮೆಮೊರಿ ಕಾಗದದ ಮೇಲೆ 19.2 ಗಿಗಾಬೈಟ್ ಕೊಡುತ್ತದೆ, ಹಾಗಾಗಿ ಹೇಗೋ ನಡೆಯಬಹುದು. ಆದರೆ ನಾಳೆ ಚಾನೆಲ್ 16 ಆದರೆ ನಿಂತುಹೋಗುತ್ತದೆ.

ಒಂದೇ ದೂರದ ನಾಲ್ಕೂ ಚಾನೆಲ್‌ಗಳನ್ನು ಅಕ್ಕಪಕ್ಕ ಇಡಿ, 16 ಬೈಟ್ ಆಯಿತು. ಓದುವಾಗ ಅಕ್ಕಪಕ್ಕದ ನಾಲ್ಕು ದೂರಗಳನ್ನು ಒಟ್ಟಿಗೆ ಓದಿ, 64 ಬೈಟ್, ಸರಿಯಾಗಿ ಒಂದು ಬರ್ಸ್ಟ್. ಒಂದು ಬೈಟೂ ದಂಡ ಇಲ್ಲ. 256 ಪಲ್ಸಿಗೆ ಹೀಗೆ ಓದಿದರೆ ಚಿಪ್ ಒಳಗೆ 16 ಕಿಲೋಬೈಟಿನ ಸಣ್ಣ ಬಫರ್ ತುಂಬುತ್ತದೆ. ತಿರುಗಿಸುವ ಕೆಲಸ ಅದರೊಳಗೆ ಆಗಲಿ, ಅಲ್ಲಿ ಜಿಗಿದು ಓದಿದರೆ ಏನೂ ನಷ್ಟ ಇಲ್ಲ. ಎರಡು ಬಫರ್ ಇಡಿ, ಒಂದು ತುಂಬುವಾಗ ಇನ್ನೊಂದು ಜಿಪಿಯು ಕಡೆ ಹರಿಯಲಿ. ಪಲ್ಸಿನ ಶುರುವಿನ ವಿಳಾಸ 64 ಬೈಟಿನ ಗಡಿಗೆ ಸರಿಯಾಗಿ ಕೂರುವಂತೆ ನೋಡಿಕೊಳ್ಳಿ. 2500 ನಾಲ್ಕರಿಂದ ಭಾಗವಾಗುತ್ತದೆ, ಹಾಗಾಗಿ ತಾನೇ ಕೂರುತ್ತದೆ. ದೂರದ ಮೋಡಿನ 6250 ಭಾಗವಾಗುವುದಿಲ್ಲ, ಅಲ್ಲಿ 6252 ಇಟ್ಟುಕೊಳ್ಳಿ.